ಪರಂಬಿಕುಳಂಗೆ ಹೊರಡುವ ಮುಂಚೆ ದಾರಿ ಸರಿಯಾಗಿ ಕೇಳಿಕೊಳ್ಳಿ

ಪರಂಬಿಕುಳಂ ಹುಲಿ ಸಂರಕ್ಷಿತ ಅರಣ್ಯ ಇರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ. ಆದರೆ ಪಾಲಕ್ಕಾಡಿನಿಂದ ಅಲ್ಲಿಗೆ ನೇರ ರಸ್ತೆಯೇ ಇಲ್ಲ. ಇದು ಗೊತ್ತಿಲ್ಲದೆ ನಾನು, ಅಮ್ಮ ಬೆಂಗಳೂರಿನಿಂದ ಪಾಲಕ್ಕಾಡಿಗೆ ರಾತ್ರಿ ರೈಲು ಹತ್ತಿದೆವು. ನಮ್ಮ ಬಡಾವಣೆಯ ಟ್ರಾವೆಲ್ಸ್‌ನವರು ನಕ್ಷೆ ನೋಡಿ "ನಲವತ್ತು ಕಿಲೋಮೀಟರ್ ಮೇಡಂ" ಅಂದು ಕಾರು ಗೊತ್ತು ಮಾಡಿಕೊಟ್ಟಿದ್ದರು. ಸ್ಟೇಷನ್ ಹೊರಗೆ ಸಿಕ್ಕ ಡ್ರೈವರು ತಲೆ ಅಲ್ಲಾಡಿಸಿದ. ತಮಿಳುನಾಡಿನ ಪೊಳ್ಳಾಚಿ ಸುತ್ತಿಕೊಂಡೇ ಹೋಗಬೇಕಂತೆ, ಸುಮಾರು 100 ಕಿ.ಮೀ. ಮಾತಾಡಿದ್ದಕ್ಕಿಂತ ದುಪ್ಪಟ್ಟು ಕೊಟ್ಟೆವು. ಡ್ರೈವರದು ತಪ್ಪಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ದೂರ ಅಳೆದು ದುಡ್ಡು ತೆಗೆದುಕೊಂಡವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಹಾಗಾಗಿ ಸರಿಯಾದ ದಾರಿ ಹೇಳಿಬಿಡುತ್ತೇನೆ. ಕೊಯಮತ್ತೂರಿಗೆ ಬನ್ನಿ. ಉಕ್ಕಡಂ ಬಸ್ ನಿಲ್ದಾಣದಿಂದ ಪೊಳ್ಳಾಚಿಗೆ ಬಸ್ಸುಗಳಿಗೆ ಬರವಿಲ್ಲ. ರಾತ್ರಿ ಪೊಳ್ಳಾಚಿಯಲ್ಲೇ ಉಳಿದು ಬೆಳಗಿನ ಪರಂಬಿಕುಳಂ ಬಸ್ಸು ಹಿಡಿಯಿರಿ, ಹೊರಡುವ ಹೊತ್ತು ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ. ಸೇತುಮಡೈಯಲ್ಲಿ ತಮಿಳುನಾಡು ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಆಮೇಲೆ ಘಾಟಿ ಹತ್ತಿ ಟಾಪ್‌ಸ್ಲಿಪ್, ಅದು ದಾಟಿದರೆ ಆನಪ್ಪಾಡಿಯಲ್ಲಿ ಕೇರಳದ ಗೇಟು. ಎರಡು ರಾಜ್ಯ, ಎರಡು ಕಡೆ ಶುಲ್ಕ. ಚಿಲ್ಲರೆ ನೋಟು ಕೈಯಲ್ಲಿರಲಿ. ಕತ್ತಲಾದ ಮೇಲೆ ಗೇಟು ತೆಗೆಯುವುದಿಲ್ಲ, ಕಾರಿನಲ್ಲಿ ಹೋಗುವವರು ಮಧ್ಯಾಹ್ನದೊಳಗೆ ಅಲ್ಲಿರಿ.

ಕೇರಳದ ಕಡೆಯಿಂದಲೂ ಹಿಂದೆ ಒಂದು ದಾರಿಯಿತ್ತು. ಕೊಚ್ಚಿ ಸಂಸ್ಥಾನದವರು ತೇಗ, ಬೀಟೆ ಸಾಗಿಸಲು ಚಾಲಕ್ಕುಡಿವರೆಗೆ ಟ್ರಾಮ್ ಹಾಕಿದ್ದರು, 1963ರಲ್ಲಿ ಅದು ನಿಂತುಹೋಯಿತು. ಪರಂಬಿಕುಳಂನಲ್ಲಿ ಕಟ್ಟಿದ ಅಣೆಕಟ್ಟುಗಳ ನೀರು ಹರಿಯುವುದೂ ತಮಿಳುನಾಡಿಗೇ, ಅವನ್ನು ನೋಡಿಕೊಳ್ಳುವವರೂ ಅವರೇ.

ನಾವು ಉಳಿದದ್ದು ಆನಪ್ಪಾಡಿಯ ಟೆಂಟಿನಲ್ಲಿ. ಹಾಸಿಗೆ, ಬಚ್ಚಲು ಚೊಕ್ಕವಾಗಿದ್ದವು. ಊಟಕ್ಕೆ ಕುಸುಬಲಕ್ಕಿ ಅನ್ನ, ಮೀನು, ಸಾಂಬಾರು. ಮೀನು ಮುಟ್ಟದ ಅಮ್ಮ ಸಾಂಬಾರಿನಲ್ಲೇ ಎರಡು ಸಲ ಬಡಿಸಿಕೊಂಡಳು.

ಆದರೆ ಈ ಜಾಗಕ್ಕೆ ನಾನು ಪೂರ್ತಿ ಅಂಕ ಕೊಡುವುದು ಗೈಡುಗಳಿಗೋಸ್ಕರ. ಇಲ್ಲಿನ ಕಾಡರ್, ಮಲಸರ್, ಮುದುವರ್ ಬುಡಕಟ್ಟು ಸಮುದಾಯದವರೇ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತಾರೆ, ಬಿದಿರಿನ ತೆಪ್ಪ ಹುಟ್ಟು ಹಾಕುತ್ತಾರೆ. ನಮ್ಮ ಜೊತೆ ಬಂದವನು ಮಲಸರ್ ಹುಡುಗ, ಇಪ್ಪತ್ತೈದರ ಆಸುಪಾಸು. ಅವನಿಗೆ ಕನ್ನಡ ಬಾರದು, ಅಮ್ಮನಿಗೆ ಮಲಯಾಳಂ ಬಾರದು. ವ್ಯಾನು ನಿಲ್ಲಿಸಿ ಪೊದೆಯತ್ತ ಬೆರಳು ತೋರಿಸಿ "ಕಾಟಿ" ಅಂದ. ನಮ್ಮ ಅಜ್ಜನ ಮನೆ ಮಲೆನಾಡಿನಲ್ಲಿ, ಅಲ್ಲೂ ಕಾಡುಕೋಣಕ್ಕೆ ಕಾಟಿ ಅಂತಲೇ ಕರೆಯುತ್ತಿದ್ದರು. ಅಮ್ಮ "ಹೌದಪ್ಪಾ, ಕಾಟಿ!" ಅಂದು ಅವನ ಭುಜ ಹಿಡಿದುಕೊಂಡಳು. ಅಲ್ಲಿಂದ ಮುಂದೆ ಅವರಿಬ್ಬರ ಮಧ್ಯೆ ನಾನು ಬೇಕಾಗಲೇ ಇಲ್ಲ.

ಕನ್ನಿಮರ ಎಂಬ ದೈತ್ಯ ತೇಗದ ಮರದ ಹತ್ತಿರ ಅವನು ಚಪ್ಪಲಿ ಬಿಟ್ಟ. ಸುತ್ತಳತೆ 7 ಮೀಟರ್, ಎತ್ತರ 40 ಮೀಟರಿನಷ್ಟು. ಕಡಿಯಲು ಹೋದಾಗ ರಕ್ತ ಚಿಮ್ಮಿತಂತೆ, ಅಂದಿನಿಂದ ಕನ್ಯೆಯ ಮರವೆಂದು ಪೂಜಿಸುತ್ತಾರೆ. ಅಮ್ಮನೂ ಚಪ್ಪಲಿ ಬಿಟ್ಟು ಹೋಗಿ ತೊಗಟೆಗೆ ಅಂಗೈ ಒತ್ತಿ ನಿಂತಳು. ಬಿಸಿಲಿದ್ದರೂ ಮರ ತಣ್ಣಗಿತ್ತು. ತೊಗಟೆಯ ಸೀಳುಗಳಲ್ಲಿ ಕೆಂಪಿರುವೆಗಳು ಸಾಲಾಗಿ ಮೇಲೇರುತ್ತಿದ್ದವು. ಅಮ್ಮನ ಬೆರಳು ಅಡ್ಡ ಬಂದಾಗ ಸುತ್ತು ಬಳಸಿ ಮತ್ತೆ ಸಾಲು ಸೇರುತ್ತಿದ್ದವು. ಹುಡುಗ ಅವಸರ ಮಾಡಲಿಲ್ಲ.

ಪ್ಲಾಸ್ಟಿಕ್ ಒಯ್ಯಬೇಡಿ. ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿದ್ದಾಗ ಒಳಗೆ ಬಿಡದಿರಬಹುದು, ಫೋನ್ ಮಾಡಿಯೇ ಹೊರಡಿ. ವಯಸ್ಸಾದವರನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು, ಘಾಟಿಯ ತಿರುವುಗಳಲ್ಲಿ ವಾಂತಿಯಾಗದಂತೆ ಮುಂದಿನ ಸೀಟು ಹಿಡಿಯಿರಿ.

ಆನೆ ಕಂಡದ್ದು ವಾಪಸು ಬರುವಾಗ, ಟಾಪ್‌ಸ್ಲಿಪ್ ಇಳಿಜಾರಿನಲ್ಲಿ, ಬಸ್ಸಿನ ಕಿಟಕಿಯಿಂದ. ತಾಯಿ, ಪಕ್ಕದಲ್ಲಿ ಮರಿ. ಕಂಡಕ್ಟರು ಸೀಟಿ ಊದದೆ ಬಸ್ಸಿನ ತಗಡು ಮೆಲ್ಲಗೆ ತಟ್ಟಿದರು, ಡ್ರೈವರು ಎಂಜಿನ್ ಆರಿಸಿದರು.