ಸ್ಪೌಸ್ ವೀಸಾ ರಿಜೆಕ್ಟ್ ಆದಾಗ: ಏಜೆಂಟ್, ಲಾ ಫರ್ಮ್, ಅಡ್ವೈಸರ್ ಮೂವರನ್ನೂ ನೋಡಿದ ಮೇಲೆ

ನನ್ನ ಓಟು ಇಮಿಗ್ರೇಷನ್ ಅಡ್ವೈಸರ್‌ಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ದೊಡ್ಡ ಆಫೀಸಿಲ್ಲ, ರಿಸೆಪ್ಷನ್ ಇಲ್ಲ. ಮನೆಯ ಒಂದು ಕೋಣೆಯಲ್ಲಿ ಕೂತು ಕೆಲಸ ಮಾಡುವ ಹೆಂಗಸು. ಅವರ ಹತ್ತಿರ ಹೋಗುವ ಮುಂಚೆ ಊರಿನ ಏಜೆಂಟ್ ಒಬ್ಬರನ್ನೂ ಇಲ್ಲಿನ ಒಂದು ಲಾ ಫರ್ಮನ್ನೂ ನಂಬಿ ದುಡ್ಡು ಕಳೆದುಕೊಂಡೆ. ದುಡ್ಡಿಗಿಂತ ಜಾಸ್ತಿ ದಿನ ಕಳೆದುಕೊಂಡೆ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಐಎಲ್‌ಆರ್ ಇದೆ, ಅಂದರೆ ಇಲ್ಲೇ ಕಾಯಂ ಇರಲು ಅನುಮತಿ. ಹೆಂಡತಿ ಮೈಸೂರಿನಲ್ಲಿದ್ದಳು. 2024ರ ಆಗಸ್ಟ್‌ನಲ್ಲಿ ಸ್ಪೌಸ್ ವೀಸಾಗೆ ಅರ್ಜಿ ಹಾಕಿದೆವು. ಆ ವರ್ಷ ಏಪ್ರಿಲ್ 11ರಿಂದ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ಇರಬೇಕಾದ ಕನಿಷ್ಠ ವಾರ್ಷಿಕ ಸಂಬಳವನ್ನು 18,600 ಪೌಂಡ್‌ನಿಂದ 29,000ಕ್ಕೆ ಏರಿಸಿದ್ದರು. ನನ್ನ ಸಂಬಳ ಅದಕ್ಕಿಂತ ಮೇಲಿತ್ತು, ಹಾಗಾಗಿ ಧೈರ್ಯವಾಗಿದ್ದೆ. ನವೆಂಬರ್‌ನಲ್ಲಿ ರಿಜೆಕ್ಟ್ ಆಯಿತು.

ಕಾರಣ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆರು ತಿಂಗಳ ಪೇಸ್ಲಿಪ್ ಕೊಡಬೇಕು, ಆ ಸಂಬಳ ಬ್ಯಾಂಕಿಗೆ ಜಮೆಯಾದದ್ದನ್ನೂ ತೋರಿಸಬೇಕು. ನಾನು ಜೂನ್‌ನಲ್ಲಿ ಬ್ಯಾಂಕ್ ಬದಲಾಯಿಸಿದ್ದೆ. ಹಳೇ ಖಾತೆಯ ಸ್ಟೇಟ್‌ಮೆಂಟ್ ಏಪ್ರಿಲ್‌ಗೆ ನಿಂತಿತ್ತು, ಹೊಸದು ಜೂನ್‌ನಿಂದ ಶುರು. ಮೇ ತಿಂಗಳ ಒಂದು ಹಾಳೆ ಇರಲಿಲ್ಲ. ರಿಫ್ಯೂಸಲ್ ಲೆಟರ್ ನಾಲ್ಕು ಪುಟ ಇತ್ತು, ಅದರಲ್ಲಿ ನಮಗೆ ಸಂಬಂಧಪಟ್ಟದ್ದು ಎರಡನೇ ಪುಟದ ಆರು ಸಾಲು ಮಾತ್ರ. ಆರರಲ್ಲೂ ಅದೇ ಮೇ ತಿಂಗಳು.

ಈಗ ಏಜೆಂಟ್ ಕಥೆ. ಅರ್ಜಿ ತುಂಬಿದ್ದು ಅವರೇ. ಅರುವತ್ತು ಸಾವಿರ ರೂಪಾಯಿ ತಗೊಂಡಿದ್ದರು. ಕೆಲಸ ನೀಟಾಗಿದೆ ಅಂತಲೇ ಅಂದುಕೊಂಡಿದ್ದೆ. ಫಾರ್ಮಿನಲ್ಲಿ ಇಮೇಲ್ ವಿಳಾಸ ಕೇಳುವ ಜಾಗದಲ್ಲಿ ಅವರು ತಮ್ಮ ಇಮೇಲ್ ಹಾಕಿದ್ದರು. ನಾನು ನೋಡಿಯೂ ಇದ್ದೆ. 'ಒಳ್ಳೇದೇ ಆಯ್ತು, ಅವರೇ ನೋಡ್ಕೋತಾರೆ' ಅಂತ ಸುಮ್ಮನಾದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ರಿಜೆಕ್ಟ್ ಆದ ಮೇಲ್ ಅವರಿಗೆ ಬಂದದ್ದು ಒಂದು ಶುಕ್ರವಾರ. ನಮಗೆ ಗೊತ್ತಾದದ್ದು ಒಂಬತ್ತು ದಿನ ಆದಮೇಲೆ, ಅದೂ ಹೆಂಡತಿ ತಾನಾಗಿ ಫೋನ್ ಮಾಡಿ ಕೇಳಿದಾಗ. ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಅವರ ಉತ್ತರ ಇದು: "ಒಳ್ಳೆ ಸುದ್ದಿ ಆಗಿದ್ರೆ ಆಗ್ಲೇ ಹೇಳ್ತಿದ್ದೆ ಮೇಡಂ."

ಹೊರದೇಶದಲ್ಲಿ ಇರುವವರಿಗೆ ಅಪೀಲು ಹಾಕಲು ಇರುವುದು 28 ದಿನ. ನಿರ್ಧಾರದ ಪತ್ರ ಕೈಗೆ ಬಂದಾಗಿನಿಂದ ಲೆಕ್ಕ. ಏಜೆಂಟ್ ಇನ್‌ಬಾಕ್ಸಿಗೆ ಬಂದದ್ದನ್ನು ನಮಗೇ ಬಂತು ಅಂತ ಹಿಡಿದು ನಡೆಯುವುದು ಕ್ಷೇಮ ಅಂತ ಆಮೇಲೆ ಅಡ್ವೈಸರ್ ಹೇಳಿದರು. ತಡವಾದರೆ ಕಾರಣ ಬರೆದು, ಅಪೀಲು ಕೇಳುವ ಟ್ರಿಬ್ಯೂನಲ್ ಹತ್ತಿರ ಹೆಚ್ಚಿನ ಸಮಯ ಕೇಳಬಹುದು. ಕೊಟ್ಟೇ ಕೊಡುತ್ತಾರೆ ಅಂತೇನಿಲ್ಲ. ಹೀಗೆ ಒಂಬತ್ತು ದಿನ ಹೋಯಿತಾ? ಇನ್ನೂ ಮುಗಿದಿಲ್ಲ. ಅರ್ಜಿಯ ಪಾಸ್‌ವರ್ಡ್ ಕೂಡ ಅವರದ್ದೇ. ನಾವು ಅಪ್‌ಲೋಡ್ ಮಾಡಿದ್ದು ಏನೇನು ಅಂತ ನೋಡಲು ನಮಗೇ ದಾರಿ ಇರಲಿಲ್ಲ. ಕೇಳಿದರೆ 'ಹುಡುಗ ರಜೆ ಮೇಲಿದಾನೆ', 'ಸಂಜೆ ಕಳಿಸ್ತೀನಿ', 'ಸಿಸ್ಟಮ್ ರಿಪೇರಿ'. ನಾಲ್ಕು ದಿನ ಆದಮೇಲೆ ಜಿಪ್ ಫೈಲ್ ಬಂತು. ಅಲ್ಲಿಗೆ 28ರಲ್ಲಿ 13 ದಿನ ಖಾಲಿ.

ಅಪೀಲಿನ ಮಾತೆತ್ತಿದರೆ ಅವರದ್ದು ಒಂದೇ ರಾಗ: "ಅದೆಲ್ಲ ವೇಸ್ಟ್ ಸರ್, ಇನ್ನೊಂದ್ಸಲ ಹಾಕೋಣ, ನಮ್ಮ ಫೀಸಲ್ಲಿ ಡಿಸ್ಕೌಂಟ್ ಕೊಡ್ತೀನಿ." ಮೇ ತಿಂಗಳ ಸ್ಟೇಟ್‌ಮೆಂಟಿಗೆ ಏನು ಮಾಡೋದು ಅಂದೆ. "ಒಂದು ಬ್ಯಾಂಕ್ ಲೆಟರ್ ಮಾಡಿಸೋಣ ಬಿಡಿ" ಅಂದರು. ಆ 'ಮಾಡಿಸೋಣ' ಕೇಳಿ ಎದೆ ಧಸಕ್ಕೆಂದಿತು. ತರಿಸೋಣ ಅಂದಿದ್ದರೆ ಬೇರೆ ಮಾತು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ವೀಸಾ ಸಿಗದಂತೆ ಮಾಡುವ ನಿಯಮ ಇದೆ. ಅಸಲಿ ಸ್ಟೇಟ್‌ಮೆಂಟ್ ಹಳೇ ಬ್ಯಾಂಕಿಗೆ ಕೇಳಿದರೆ ಅಂಚೆಯಲ್ಲಿ ಬರುತ್ತದೆ. ಬಂತು ಕೂಡ, ಒಂದು ವಾರದಲ್ಲಿ, ಪುಕ್ಕಟೆ. ಏಜೆಂಟ್ ಜೊತೆ ಅಲ್ಲಿಗೆ ಮುಗಿಸಿದೆ.

ಇನ್ನೊಂದು ಮಾತು. ಬ್ರಿಟನ್ ಒಳಗೆ ಇಮಿಗ್ರೇಷನ್ ಸಲಹೆ ಕೊಡಲು ಸಾಲಿಸಿಟರ್ (ಕೇಸು ತಯಾರಿಸುವ ವಕೀಲರು), ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲರು) ಇಂಥವರಾಗಿರಬೇಕು, ಇಲ್ಲವೇ ಸರ್ಕಾರದ ನೋಂದಣಿ ಇರಬೇಕು. ಇಲ್ಲದಿದ್ದರೆ ಅದು ಅಪರಾಧ. 1999ರ ಕಾಯ್ದೆ. ಆದರೆ ಆ ನಿಯಮ ಊರಲ್ಲಿ ಕೂತ ಏಜೆಂಟ್‌ಗೆ ತಾಗುವುದಿಲ್ಲ. ಅವರ ಮೇಲೆ ದೂರು ಕೊಡೋಣ ಅಂದರೆ ಇಲ್ಲಿ ಕೇಳುವವರಿಲ್ಲ.

ಲಾ ಫರ್ಮ್ ವಿಷಯ ಬೇಗ ಮುಗಿಸುತ್ತೇನೆ. ಗಾಜಿನ ಬಾಗಿಲು, ಒಳ್ಳೆ ಕಾಫಿ. ಮೊದಲ ಅರ್ಧ ಗಂಟೆಗೆ 150 ಪೌಂಡ್, ವ್ಯಾಟ್ ಸೇರಿ 180. ಮಾತಾಡಿದ ಸಾಲಿಸಿಟರ್ ನಿಜವಾಗಿಯೂ ತಿಳಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರನೇ ದಿನದಿಂದ ಅವರು ಕಾಣಲೇ ಇಲ್ಲ. ಕೇಸು ಒಬ್ಬ ಜೂನಿಯರ್ ಕೈಗೆ ಹೋಯಿತು. ನನ್ನ ಪಾಸ್‌ಪೋರ್ಟ್ ಪರಿಶೀಲನೆ, ಫೀಸಿನ ಹಣ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ, ಹತ್ತು ಪುಟದ ಒಪ್ಪಂದಕ್ಕೆ ಸಹಿ. ಇದರಲ್ಲೇ ನಾಲ್ಕು ದಿನ. ನಾಲ್ಕನೇ ದಿನ ಜೂನಿಯರ್ ಮೇಲ್ ಬಂತು: 'ನಿಮ್ಮ ವೀಸಾ ಯಾವ ಕಾರಣಕ್ಕೆ ನಿರಾಕರಣೆ ಆಯಿತು ಎಂದು ತಿಳಿಸಿ.' ಅದೇ ಮೇಲ್‌ಗೆ ರಿಫ್ಯೂಸಲ್ ಲೆಟರ್ ಲಗತ್ತಾಗಿತ್ತು! ಕೋಟ್ ಮಾಡಿದ್ದ ಫೀಸು 2,400 ಪೌಂಡ್, ವ್ಯಾಟ್ ಸೇರಿ 2,880. ವಿಚಾರಣೆಗೆ ಬರುವ ಬ್ಯಾರಿಸ್ಟರ್‌ಗೆ ಬೇರೆ 900. ಕೈಮುಗಿದು ಹೊರಬಂದೆ, 180 ಅಲ್ಲಿಗೆ ಬಿಟ್ಟೆ.

ಉಳಿದದ್ದು 11 ದಿನ.

ಅಡ್ವೈಸರ್ ಸಿಕ್ಕಿದ್ದು ಸರ್ಕಾರದ ರಿಜಿಸ್ಟರ್‌ನಲ್ಲಿ. ಆ ರಿಜಿಸ್ಟರ್ ಇಡುವ ಸಂಸ್ಥೆಗೆ ಆಗ ಓಐಎಸ್‌ಸಿ ಅಂತಿದ್ದರು, 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಅನ್ನುತ್ತಾರೆ. ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮೂರು ಲೆವೆಲ್ ಇರುತ್ತದೆ. ಲೆವೆಲ್ 1ರವರು ಸುಲಭದ ಅರ್ಜಿಗಳನ್ನಷ್ಟೇ ನೋಡಬಹುದು. ಟ್ರಿಬ್ಯೂನಲ್ ಮುಂದೆ ನಿಮ್ಮ ಪರವಾಗಿ ನಿಂತು ಮಾತಾಡಲು ಲೆವೆಲ್ 3 ಬೇಕು. 'ನಾನು ರಿಜಿಸ್ಟರ್ಡ್' ಅನ್ನುವವರನ್ನು ಯಾವ ಲೆವೆಲ್ ಅಂತಲೂ ಕೇಳಿ.

ಅವರು ಮೊದಲು ಹೇಳಿದ್ದು, "ಲೆಟರ್ ಕಳಿಸಿ, ಓದ್ತೀನಿ. ಫೀಸು ಆಮೇಲೆ ಮಾತಾಡೋಣ." ಮಾರನೇ ಸಂಜೆ ಅವರೇ ಫೋನ್ ಮಾಡಿದರು. ಮೂರೇ ಪ್ರಶ್ನೆ. ಮೇಲ್ ಬಂದದ್ದು ಯಾವ ದಿನ? ಹಳೇ ಖಾತೆ ಮುಚ್ಚಿದ್ದು ಯಾವಾಗ? ಮೇ ತಿಂಗಳ ಪೇಸ್ಲಿಪ್‌ನಲ್ಲಿ ಇರುವ ಮೊತ್ತವೇ ಬ್ಯಾಂಕಿಗೆ ಬಂದಿದೆಯಾ? ಈ ಮೂರನೇ ಪ್ರಶ್ನೆ ಏಜೆಂಟೂ ಕೇಳಿರಲಿಲ್ಲ, ಫರ್ಮಿನವರೂ ಕೇಳಿರಲಿಲ್ಲ. ನಾನೂ ನೋಡಿರಲಿಲ್ಲ. ಫೋನ್ ಹಿಡಿದುಕೊಂಡೇ ನೋಡಿದೆ. ಪೈಸೆ ಪೈಸೆ ಸರಿಯಿತ್ತು.

ಆಮೇಲೆ ನಿಯಮ ಓದಿ ಹೇಳಿದರು. ಒಂದು ಸರಣಿಯ ದಾಖಲೆಯಲ್ಲಿ ಒಂದು ತಪ್ಪಿಹೋಗಿದ್ದರೆ ಅಧಿಕಾರಿ ಬರೆದು ಕೇಳಿ ತರಿಸಿಕೊಳ್ಳಬಹುದು ಅಂತ ನಿಯಮದಲ್ಲೇ ಇದೆಯಂತೆ. "ಕೇಳಬಹುದು ಅಂತಿದೆ, ಕೇಳಲೇಬೇಕು ಅಂತಿಲ್ಲ. ಅದನ್ನೇ ನೆಚ್ಚಿಕೊಂಡು ಕೂರಬೇಡಿ" ಅಂದರು. ನಮಗೆ ಆಧಾರ ಬೇರೆ ಇತ್ತು. ಸ್ಪೌಸ್ ವೀಸಾ ಅಪೀಲು ಕುಟುಂಬ ಜೀವನದ ಹಕ್ಕಿನ ಮೇಲೆ ನಿಲ್ಲುತ್ತದೆ, ಅರ್ಜಿಯ ಜೊತೆ ಕೊಡದೇ ಬಿಟ್ಟಿದ್ದ ದಾಖಲೆಯನ್ನೂ ಅಲ್ಲಿ ಮುಂದಿಡಬಹುದು. ಗೆದ್ದೇ ಗೆಲ್ತೀವಿ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಬದಲಿಗೆ, "ಕೈಯಲ್ಲಿ ದುಡ್ಡಿದ್ದರೆ ಹೊಸ ಅರ್ಜಿ ಹಾಕಿ, ಬೇಗ ಆಗಬಹುದು" ಅಂದರು. ತನಗೆ ಬರುವ ಫೀಸನ್ನು ತಾನೇ ಬೇಡ ಅನ್ನುವವರನ್ನು ನಂಬದೆ ಇರೋದು ಹೇಗೆ?

ನನ್ನ ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಆಗ ಹೊಸ ಅರ್ಜಿಗೆ 1,846 ಪೌಂಡ್, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್ಚಾರ್ಜ್ 3,105. ಒಟ್ಟು 4,951 ಒಂದೇ ಏಟಿಗೆ ಕಟ್ಟಬೇಕು. ಅರ್ಜಿ ಫೀಸು ವಾಪಸ್ ಬರುವುದಿಲ್ಲ. ಸರ್ಚಾರ್ಜ್ ಬರುತ್ತದೆ, ಆದರೆ ಸುಮಾರು ಆರು ವಾರ ಕಾಯಬೇಕು, ಅಪೀಲು ಹಾಕಿದರೆ ಇನ್ನೂ ತಡ. ಅಡ್ವೈಸರ್ ಫೀಸು 1,100, ಚಿಕ್ಕ ವ್ಯವಹಾರವಾದ್ದರಿಂದ ವ್ಯಾಟ್ ಇಲ್ಲ. ಟ್ರಿಬ್ಯೂನಲ್ ಫೀಸು 140. ಬರೀ ಕಾಗದ ನೋಡಿ ತೀರ್ಮಾನಿಸಿ ಅಂದರೆ 80 ಸಾಕು, ಆದರೆ ವಿಚಾರಣೆ ಇದ್ದರೆ ನಾನು ಹೋಗಿ ಮಾತಾಡಬಹುದು ಅಂತ 140ರದ್ದನ್ನೇ ಹಾಕಿಸಿದರು. ವಿಚಾರಣೆ ನಡೆದರೆ ಅವರಿಗೆ ಬೇರೆ 500.

ಕಡಿಮೆ ಫೀಸಿಗೆ ಒಂದು ಷರತ್ತಿತ್ತು. ದಾಖಲೆಗಳ ಕಟ್ಟು ನಾನೇ ಜೋಡಿಸಬೇಕು: ಪುಟಸಂಖ್ಯೆ, ಪಟ್ಟಿ ಎಲ್ಲ. ಮೂರು ಸಲ ವಾಪಸ್ ಕಳಿಸಿದರು. ಮದುವೆ ಫೋಟೋ ಮೂವತ್ತು ಹಾಕಿದ್ದೆ. "ನಿಮ್ಮ ಮದುವೆ ಆಗಿಲ್ಲ ಅಂತ ಯಾರೂ ಅಂದಿಲ್ಲವಲ್ಲ, ನಾಲ್ಕು ಸಾಕು. ಮೇ ತಿಂಗಳ ಸ್ಟೇಟ್‌ಮೆಂಟ್ ಎಲ್ಲಿ? 112ನೇ ಪುಟದಲ್ಲಾ? ಅದನ್ನ ಮೊದಲನೇ ಪುಟಕ್ಕೆ ತನ್ನಿ." ಇಡೀ ಜಗಳ ಒಂದು ಹಾಳೆಯದ್ದು, ನಾನು ಅದನ್ನು ವಾಟ್ಸಾಪ್ ಚಾಟ್‌ಗಳ ಕೆಳಗೆ ಹೂತಿಟ್ಟಿದ್ದೆ. ಅಪೀಲು ಹೋದದ್ದು ಕೊನೇ ದಿನಕ್ಕೆ ಎರಡು ದಿನ ಮುಂಚೆ.

ಅವರಲ್ಲೂ ಕಿರಿಕಿರಿ ಇಲ್ಲವೆಂದಲ್ಲ. ಹಗಲು ಫೋನ್ ಎತ್ತುವುದಿಲ್ಲ, ಉತ್ತರ ಬರುವುದು ರಾತ್ರಿ ಹತ್ತೂವರೆಗೆ. ಎರಡು ವಾರ ರಜೆಗೆ ಹೋದಾಗ ಪೂರ್ತಿ ಮೌನ, ಅವರ ಬದಲು ನೋಡಿಕೊಳ್ಳುವವರು ಯಾರೂ ಇಲ್ಲ. ಹೆಂಡತಿ ದಿನಾ 'ಏನಾಯ್ತು ರೀ' ಅಂತ ಕೇಳುತ್ತಿದ್ದಳು, ನನ್ನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಹಾಕಿದ್ದು, ಮೇ ಕೊನೆಗೆ ಮುಗಿಯಿತು. ವಿಚಾರಣೆ ತನಕ ಹೋಗಲೇ ಇಲ್ಲ. ನಮ್ಮ ವಾದ, ಸ್ಟೇಟ್‌ಮೆಂಟ್ ಎಲ್ಲ ನೋಡಿದ ಮೇಲೆ ವೀಸಾ ಇಲಾಖೆಯವರೇ ರಿಜೆಕ್ಟ್ ಮಾಡಿದ ನಿರ್ಧಾರ ವಾಪಸ್ ತಗೊಂಡರು, ವೀಸಾ ಬಂತು. ಆ 500 ಪೌಂಡ್ ಉಳಿಯಿತು. ಆರು ತಿಂಗಳು ಉಳಿಯಲಿಲ್ಲ.

ಡೈರೆಕ್ಟ್ ಆಕ್ಸೆಸ್ ಬ್ಯಾರಿಸ್ಟರ್ ಅಂತಲೂ ಇರುತ್ತಾರೆ, ಸಾಲಿಸಿಟರ್ ಇಲ್ಲದೆ ನೇರವಾಗಿ ಗೊತ್ತು ಮಾಡಿಕೊಳ್ಳಬಹುದು. ಇಬ್ಬರನ್ನು ವಿಚಾರಿಸಿದೆ, ಇಬ್ಬರಿಗೂ ಆ ವಾರ ಪುರುಸೊತ್ತಿರಲಿಲ್ಲ. ಸರ್ಕಾರದ ಲೀಗಲ್ ಏಡ್ ಇಂಥ ಕೇಸಿಗೆ 2013ರಿಂದಲೇ ಹೆಚ್ಚುಕಡಿಮೆ ನಿಂತಿದೆ.

ಎಲ್ಲ ವೀಸಾಗೂ ಅಪೀಲಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ಗೆಳೆಯನ ಅಪ್ಪ ಅಮ್ಮನ ವಿಸಿಟರ್ ವೀಸಾ ರಿಜೆಕ್ಟ್ ಆದಾಗ ಒಬ್ಬ ಏಜೆಂಟ್ 'ಅಪೀಲು ಹಾಕ್ತೀವಿ' ಅಂತ ಇಪ್ಪತ್ತೈದು ಸಾವಿರ ತಗೊಂಡ. ಕುಟುಂಬದವರನ್ನು ನೋಡಲು ಬರುವವರಿಗೆ ಇದ್ದ ಪೂರ್ತಿ ಅಪೀಲು ಹಕ್ಕನ್ನು 2013ರ ಜೂನ್‌ನಲ್ಲೇ ತೆಗೆದುಬಿಟ್ಟಿದ್ದಾರೆ, ಉಳಿದಿರುವುದು ಮಾನವ ಹಕ್ಕಿನ ಆಧಾರ ಮಾತ್ರ. ಸ್ಟೂಡೆಂಟ್, ವರ್ಕ್ ವೀಸಾಗಾದರೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಅಂತ ಇದೆ, ಅಂದರೆ ವೀಸಾ ಇಲಾಖೆಯೇ ತನ್ನ ನಿರ್ಧಾರವನ್ನು ಇನ್ನೊಮ್ಮೆ ನೋಡುವುದು, ಫೀಸು 80 ಪೌಂಡ್. ಅಲ್ಲಿ ಸಾಮಾನ್ಯವಾಗಿ ಹೊಸ ದಾಖಲೆ ನೋಡುವುದಿಲ್ಲ. ನಿಮಗೆ ಯಾವ ದಾರಿ ಇದೆ ಅಂತ ರಿಫ್ಯೂಸಲ್ ಲೆಟರ್‌ನಲ್ಲೇ ಬರೆದಿರುತ್ತಾರೆ. ದುಡ್ಡು ಕೊಡುವ ಮುಂಚೆ ಅದನ್ನು ಓದಿ.

ನನಗೆ ಕಾಗದಪತ್ರ ಜೋಡಿಸಿಕೊಂಡು ಕೂರುವುದು ಕಷ್ಟ ಅಲ್ಲ, ರಾತ್ರಿ ಹತ್ತೂವರೆಗೂ ಎಚ್ಚರ ಇರುತ್ತೇನೆ. ಹಾಗಾಗಿ ಇನ್ನೊಮ್ಮೆ ಬಂದರೂ ಅದೇ ಅಡ್ವೈಸರ್. ಫೈಲ್ ಕಂಡರೆ ತಲೆನೋವು ಬರುವವರು, ಜೇಬು ತಡೆಯುತ್ತದೆ ಅನ್ನುವವರು ಫರ್ಮಿಗೆ ಹೋಗಲಿ. ಸುಳ್ಳು ದಾಖಲೆಯ ಆರೋಪವೋ, ಹಿಂದೆ ಅವಧಿ ಮೀರಿ ಉಳಿದದ್ದೋ, ಜುಡಿಷಿಯಲ್ ರಿವ್ಯೂ (ನಿರ್ಧಾರ ಕಾನೂನುಬದ್ಧವೇ ಅಂತ ಜಡ್ಜ್ ನೋಡುವುದು) ತನಕ ಹೋಗುವಂಥದ್ದೋ ಇದ್ದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆ, ಆದರೆ ನಾನು ಮಾತಾಡಿದವರೇ ಕೇಸು ನೋಡುತ್ತಾರಾ ಅಂತ ಮೊದಲು ಬರೆಸಿಕೊಂಡು.

ಏಜೆಂಟ್ ಮೊನ್ನೆ ಹೆಂಡತಿಗೆ ಮೆಸೇಜ್ ಮಾಡಿದ್ದರಂತೆ. ವೀಸಾ ಬಂದದ್ದು ಯಾರಿಂದಲೋ ತಿಳಿದಿರಬೇಕು. 'ಕಂಗ್ರಾಟ್ಸ್ ಮೇಡಂ, ಎಕ್ಸ್‌ಟೆನ್ಷನ್‌ಗೆ ನಾವಿದ್ದೀವಿ' ಅಂತ.