ಚರ್ಚ್ ಸ್ಟ್ರೀಟಿನ ಕಾಫಿ ಹೌಸ್: ಕೆಲಸ ಮಾಡುವವರದೇ ಹೋಟೆಲು

ದೊಮ್ಮಲೂರಿನ ಒಂದು ಚಿಕ್ಕ ಕಂಪನಿಯಲ್ಲಿ ಒಂಬತ್ತು ಜನರ ತಂಡ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರು ಯಾರೇ ಸೇರಲಿ, ಮೊದಲ ತಿಂಗಳಲ್ಲೇ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ಗೆ ಕರೆದುಕೊಂಡು ಹೋಗುತ್ತೇನೆ. ಕಾಫಿ ಚೆನ್ನಾಗಿರುತ್ತದೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅಲ್ಲಿ ಕೆಲಸ ಮಾಡುವವರು.

ಹೋದ ತಿಂಗಳು ಏಳು ಜನ ಹೋಗಿದ್ದೆವು. ಹೊಸ ಹುಡುಗನ ಮೊಣಕೈ ತಾಗಿ ಕಪ್ ಉರುಳಿತು. ಮೇಜಿನ ತುಂಬ ಕಾಫಿ. ಪಾಪ, ಅವನ ಮುಖ ಸಪ್ಪಗಾಯಿತು. ಬಿಳಿ ಡ್ರೆಸ್ಸು, ತಲೆಗೆ ಪೇಟ ತೊಟ್ಟ ಹಿರಿಯರೊಬ್ಬರು ಬಂದು, "ಬಿಸಿ ತಾಗ್ಲಿಲ್ಲ ತಾನೆ?" ಎಂದು ಮೊದಲು ಅವನನ್ನೇ ಕೇಳಿದರು. ಅಷ್ಟರಲ್ಲಿ ಆಚೆ ಸಾಲಿನ ಮೇಜು ನೋಡಿಕೊಳ್ಳುತ್ತಿದ್ದವರು ಬಟ್ಟೆ ತಂದು ಒರೆಸಿದರು. ಮತ್ತೊಬ್ಬರು ಬೇರೆ ಕಾಫಿ ತಂದಿಟ್ಟರು. ಯಾರೂ ಯಾರನ್ನೂ ಕೂಗಿ ಕರೆಯಲಿಲ್ಲ.

ನನಗೆ ಗಂಟಲು ಕಟ್ಟಿತು. ಅದೇ ವಾರ ಅದೇ ಹುಡುಗ ಒಂದು ಲೆಕ್ಕ ತಪ್ಪಿದ್ದ. ನಾನು ಎಲ್ಲರಿಗೂ ಕಾಣುವ ಹಾಗೆ ಆಫೀಸಿನ ಗ್ರೂಪಿನಲ್ಲೇ ಅವನನ್ನು ಗದರಿದ್ದೆ. ಸೇರಿದ ದಿನ ಅವನಿಗೆ 'ಇಲ್ಲಿ ನಾವೆಲ್ಲ ಮನೆಯವರ ಥರ' ಎಂದಿದ್ದವಳೂ ನಾನೇ.

ಈ ಕಾಫಿ ಹೌಸ್ ಕೆಲಸಗಾರರ ಸಹಕಾರ ಸಂಘದ್ದು. 1950ರ ದಶಕದಲ್ಲಿ ಸರ್ಕಾರದ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಿತು. ಕೆಲಸ ಹೋಗುವ ಹೊತ್ತಿನಲ್ಲಿ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು ಕೆಲಸಗಾರರ ಬೆನ್ನಿಗೆ ನಿಂತರು. ಕೆಲಸಗಾರರು ಸಂಘ ಕಟ್ಟಿಕೊಂಡು ತಾವೇ ಹೋಟೆಲು ನಡೆಸತೊಡಗಿದರು. ಅಂಥ ಮೊದಲ ಸಂಘ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 1957ರಲ್ಲಿ. 2009ರಲ್ಲಿ ಎಂ.ಜಿ. ರಸ್ತೆಯ ಹಳೇ ಜಾಗ ಬಿಡಬೇಕಾಗಿ ಬಂದಾಗಲೂ ಚದುರಿ ಹೋಗಲಿಲ್ಲ, ಪಕ್ಕದ ಚರ್ಚ್ ಸ್ಟ್ರೀಟಿಗೆ ಬಂದರು. ಮನೆ ಅಂದಮೇಲೆ ಅದರಲ್ಲಿ ಪಾಲೂ ಇರಬೇಕು, ಅಲ್ವಾ? ಇಲ್ಲಿ ಅದಿದೆ.

ಪಾಲು ಕೊಡುವುದು ನನ್ನ ಕೈಯಲ್ಲಿಲ್ಲ. ಆದರೆ ಮರುದಿನ ಅದೇ ಗ್ರೂಪಿನಲ್ಲಿ ಆ ಹುಡುಗನ ಕ್ಷಮೆ ಕೇಳಿದೆ. ಈಗ ತಿಂಗಳ ಕೊನೆಯ ಲೆಕ್ಕವನ್ನು ಇಬ್ಬರು ಜೊತೆಗೆ ಕೂತು ನೋಡುತ್ತಾರೆ. ತಪ್ಪಾದರೆ ಮೊದಲು ನನಗೆ ಬಂದು ಹೇಳುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಕಟ್ಲೆಟ್ ತಿನ್ನಲೇಬೇಕು. ಮೊಟ್ಟೆ ತಿನ್ನುವವರು ಆಮ್ಲೆಟ್ಟನ್ನೂ ಹೇಳಿ. ಎಂ.ಜಿ. ರಸ್ತೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ನಮ್ಮ ಹಾಗೆ ಏಳೆಂಟು ಜನ ಇದ್ದರೆ ಬೆಳಗ್ಗೆ ಸ್ವಲ್ಪ ಬೇಗ ಹೋಗಿ, ಒಟ್ಟಿಗೆ ಕೂರಲು ಜಾಗ ಸಿಗುತ್ತದೆ.