ನವಿಲು ತಡೆಯಲು ಟೇಪು, ಸ್ಪೀಕರ್, ಹಳೆ ಸೀರೆ: ಮೂರನ್ನೂ ಮಾಡಿ ನೋಡಿದೆ

ನಮ್ಮ ಒಂದೂವರೆ ಎಕರೆ ಕಡಲೆಕಾಯಿ ಹೊಲಕ್ಕೂ ಊರಿನ ಗ್ರಾಮ ಅರಣ್ಯಕ್ಕೂ ನಡುವೆ ಒಂದು ಬಂಡಿದಾರಿ ಅಷ್ಟೇ. ಆ ಕಡೆ ಹೊಂಗೆ, ಬೇವು, ಎದೆಮಟ್ಟ ಬೆಳೆದ ಲಂಟಾನ. ಇದು ನಾಗಮಂಗಲ ತಾಲ್ಲೂಕು, ಆದಿಚುಂಚನಗಿರಿಯ ನವಿಲುಧಾಮ ಇರುವ ಸೀಮೆ. ನವಿಲು ನೋಡಲು ನಾವು ಎಲ್ಲೂ ಹೋಗಬೇಕಿಲ್ಲ, ಅವೇ ಬರುತ್ತವೆ.

ಬರುವುದು ಹಾರಿಕೊಂಡಲ್ಲ, ನಡೆದುಕೊಂಡು. ರಾತ್ರಿ ಎತ್ತರದ ಮರದಲ್ಲಿ ಕೂತಿದ್ದು, ಬೆಳಕು ಹರಿಯುತ್ತಲೇ ಇಳಿಯುತ್ತವೆ. ಬಿಸಿಲೇರಿದರೆ ಲಂಟಾನದ ನೆರಳು. ಸಂಜೆ ನಾಲ್ಕರ ಮೇಲೆ ಮತ್ತೆ ಹಾಜರು. ಬಿತ್ತಿದ ಸಾಲು ಹಿಡಿದು ಕೆದಕುತ್ತಾ ಹೋದರೆ ಬೀಜ ಒಂದೂ ಉಳಿಯಲ್ಲ. ಮೊಳಕೆಯೊಡೆದು ಬೇಳೆ ಮೇಲೆದ್ದ ಮೇಲಂತೂ ಕೆದಕುವ ಕೆಲಸವೂ ಇಲ್ಲ, ಹಾಗೇ ಕುಕ್ಕಿ ತಿನ್ನುತ್ತವೆ. ಬಿತ್ತನೆಯಾಗಿ 15 ದಿನ ಹೊಲ ಕಾವಲು ಕಾದರೆ ಗೆದ್ದಂತೆ.

ಮೊದಲ ವರ್ಷ ಹಳೆ ಕ್ಯಾಸೆಟ್ ಟೇಪು ಬಿಚ್ಚಿ ಗೂಟಕ್ಕೆ ಬಿಗಿದೆ. ಖರ್ಚಿಲ್ಲ. ಆಷಾಢದ ಗಾಳಿಗೆ ಅದು ಗುಂಯ್ ಅನ್ನುತ್ತಿತ್ತು, ನವಿಲು ದಾರಿಯಲ್ಲೇ ನಿಂತು ಕತ್ತು ಓರೆ ಮಾಡಿ ನೋಡಿ ವಾಪಸ್ಸಾದವು. ಆದರೆ ಬೆಳಗಿನ ಆರು ಗಂಟೆಗೆ ಗಾಳಿಯೇ ಇರಲ್ಲ ಅಲ್ವಾ? ನಾಲ್ಕನೇ ದಿನ ಒಂದು ಹೆಣ್ಣು ತಲೆ ತಗ್ಗಿಸಿ ಟೇಪಿನ ಕೆಳಗೇ ನುಗ್ಗಿತು. ಹಿಂದೆ ಇನ್ನೂ ಮೂರು. ಏಳು ಸಾಲು ಮತ್ತೆ ಬಿತ್ತಬೇಕಾಯಿತು.

ಮರುವರ್ಷ ಚಾರ್ಜ್ ಮಾಡುವ ಸ್ಪೀಕರ್ ತಂದೆ. ನನ್ನದೇ ಕೂಗು, ತಗಡಿನ ಸದ್ದು, ನಾಯಿ ಬೊಗಳಿದ್ದು ಎಲ್ಲಾ ರೆಕಾರ್ಡ್ ಮಾಡಿ ಹಾಕಿದೆ. ಎರಡು ದಿನ ಹೊಲ ಖಾಲಿ. ಐದನೇ ದಿನ ನಾನು 'ಹೋಯ್' ಅಂದಾಗಲೆಲ್ಲ ಬೇವಿನ ಮರದಿಂದ ಗಂಡು ನವಿಲೊಂದು ತಿರುಗಿ ಕೂಗತೊಡಗಿತು! ಮಳೆಗಾಲ ಅವುಗಳ ಜೋಡಿಯಾಗುವ ಕಾಲ, ಜೋರು ಸದ್ದಿಗೆಲ್ಲ ಉತ್ತರ ಕೊಡುತ್ತವೆ. ಪಕ್ಕದ ಹೊಲದ ಅಣ್ಣ ಬಂದು, "ನಿಂದು ಕೇಳಿ ಕೇಳಿ ನಮಗೇ ತಲೆ ಕೆಟ್ಟೈತೆ, ಅವಕ್ಕೇನೂ ಆಗಿಲ್ಲ ಕಣಪ್ಪ" ಅಂದರು. ಅವತ್ತೇ ಆಫ್ ಮಾಡಿದೆ.

ಮೀನಿನ ಬಲೆಯನ್ನೂ ಒಮ್ಮೆ ಕಟ್ಟಿದ್ದೆ. ಒಂದು ಹೆಣ್ಣಿನ ಕಾಲು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಗೋಣಿಚೀಲ ಮುಚ್ಚಿ ಕುಡುಗೋಲಿನಿಂದ ಎಳೆ ಎಳೆಯಾಗಿ ಕತ್ತರಿಸಿ ಬಿಟ್ಟೆ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ, ಸತ್ತಿದ್ದರೆ ಜೈಲಾಗಬಹುದಿತ್ತು. ಅದಕ್ಕಿಂತ ಹೆಚ್ಚಾಗಿ ಅದರ ಆ ಕಣ್ಣು ನೋಡಲಾಗಲಿಲ್ಲ.

ಮೂರನೇ ವರ್ಷ ಸೀರೆ. ಕಾಡಿನ ಕಡೆಯ ಬದುವಿಗೆ ಹನ್ನೆರಡು, ಎರಡೂ ಮೂಲೆ ತಿರುಗಿಸಲು ನಾಲ್ಕು. ಕೆಳಗಿನ ಅಂಚು ನೆಲಕ್ಕೆ ತಾಗಬೇಕು, ಅದು ಮುಖ್ಯ. ನಡೆದು ಬರುವ ನವಿಲಿಗೆ ಆಚೆ ಏನಿದೆ ಅಂತ ಕಾಣಲ್ಲ. ಹಾರಿದರೆ ದಾಟಬಹುದು, ಆದರೆ ಇಳಿಯುವ ಜಾಗ ಕಾಣದೆ ಹಾರಲು ಮನಸ್ಸು ಮಾಡಲಿಲ್ಲ. ಸೀರೆಯುದ್ದಕ್ಕೂ ನಡೆದು, ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು, ಹಾಗೇ ತಿರುಗಿದವು. ಎತ್ತು ಬರಲೆಂದು ಬಿಟ್ಟಿದ್ದ ಸಂದಿಯಲ್ಲಿ ಮಾತ್ರ ಒಂದು ದಿನ ನುಗ್ಗಿ ಅರ್ಧ ಸಾಲು ತಿಂದವು. ತಪ್ಪು ನನ್ನದೇ.

ಸೀರೆಗೂ ಕಾಟ ಇದೆ. ಮಳೆಗೆ ನೆನೆದರೆ ಜೋತು ಬೀಳುತ್ತೆ, ಗಾಳಿಗೆ ಹರಿಯುತ್ತೆ, ಮೇಕೆ ಸೆರಗು ಜಗಿಯುತ್ತೆ. ದಿನಾ ಎರಡು ಸಲ ಹೋಗಿ ಬಿಗಿಯಬೇಕು. ಆ ವರ್ಷ ಮಳೆಯೂ ಚೆನ್ನಾಗಿತ್ತು, ಪೈರು ಬೇಗ ಎದ್ದಿತು, ಹಾಗಾಗಿ ಪೂರ್ತಿ ಹೆಸರು ಸೀರೆಗೇ ಕೊಡಲ್ಲ. ಆದರೂ ಮೂರರಲ್ಲಿ ನನ್ನ ಓಟು ಅದಕ್ಕೇ. ಹದಿನಾರನೇ ದಿನ ಬಿಚ್ಚಿಬಿಡುತ್ತೇನೆ. ಆಮೇಲೆ ಅವು ಬಂದು ಹುಳ, ಮಿಡತೆ ಹೆಕ್ಕಲಿ, ನನಗೂ ಒಳ್ಳೆಯದೇ.

ಈಗ ಸೀರೆಗಳು ಒಗೆಸಿಕೊಂಡು ಅಟ್ಟದ ಮೇಲಿವೆ. ಹದಿನೈದೇ ಇವೆ. ಕೆಂಪಂಚಿನದು ತನ್ನ ಮದುವೆಯದಂತೆ, ಅವ್ವ ಎತ್ತಿಟ್ಟುಕೊಂಡಿದ್ದಾಳೆ.